ಓಡದ ಇಂಜಿನಿನ ಕಾರ್ಬುರೇಟರ್

ಇಂಜಿನಿಗೂ ವ್ಯಾಕರಣಕ್ಕೂ ಅಂಥ ದೊಡ್ಡ ವ್ಯತ್ಯಾಸವೇನಿದೆ ಹೇಳಿ? ಬಿಡಿಸಬೇಕು, ಅರ್ಥ ಮಾಡಿಕೊಳ್ಳಬೇಕು, ಮತ್ತೆ ಕೂಡಿಸಬೇಕು. ಸಂಧಿ ಬಿಡಿಸುವವನಿಗೆ ಸಿಲಿಂಡರ್ ಬಿಡಿಸುವುದು ಕಷ್ಟವೇ? ದಾವಣಗೆರೆಯಿಂದ ಬಂದು ಹದಿನಾಲ್ಕು ವರ್ಷಗಳಿಂದ ಮಂಗಳೂರಿನ ಮಕ್ಕಳಿಗೆ ಕನ್ನಡ ಕಲಿಸುತ್ತಿರುವ ನಾನು ಈ ಸಿದ್ಧಾಂತವನ್ನು ಕುಲಶೇಖರದ ಮಾವನ ಮನೆಯಲ್ಲಿ, ಊಟದ ಹೊತ್ತಿನಲ್ಲಿ, ಎಲ್ಲರೆದುರು ಮಂಡಿಸಿದೆ. ಅಲ್ಲಿಗೆ ನನ್ನ ಗ್ರಹಚಾರ ಶುರುವಾಯಿತು!

ಮಾವ ಪ್ರಾಯದಲ್ಲಿ ಬೈಕ್ ರೇಸಿಗೆ ಹೋಗುತ್ತಿದ್ದವರು. ಎರಡು ಸಿಲಿಂಡರಿನ, ಎರಡು ಕಾರ್ಬುರೇಟರಿನ ಅವರ ಆ ಹಳೆಯ ಬೈಕು ವರ್ಷಗಳಿಂದ ಶೆಡ್ಡಿನಲ್ಲಿ ಟಾರ್ಪಾಲಿನ ಕೆಳಗೆ ಮಲಗಿತ್ತು. ಬರುವ ಭಾನುವಾರ ನಗರದಲ್ಲಿ ಹಳೆಯ ವಾಹನಗಳ ಮೆರವಣಿಗೆ. ಅದರಲ್ಲಿ ತನ್ನ ಬೈಕಿನ ಮೇಲೆ ಕೂತು, ಹಿಂದೆ ತನ್ನೊಂದಿಗೆ ರೇಸಿನಲ್ಲಿದ್ದ ಮುದುಕರ ಎದುರು ಒಮ್ಮೆ ಹೋಗಬೇಕೆಂಬುದು ಮಾವನ ಆಸೆ. ಆದರೆ ಬೈಕು ಎರಡು ಸಲ ಕೆಮ್ಮಿ ನಿಲ್ಲುತ್ತಿತ್ತು. ಇಂಥ ಬೈಕಿನ ಸಾಮಾನು ಈಗ ಎಲ್ಲೂ ಸಿಗುವುದಿಲ್ಲವೆಂದು ಮೆಕ್ಯಾನಿಕ್‌ಗಳು ಕೈಮುಗಿದಿದ್ದರು. ಸ್ವತಃ ಬಿಚ್ಚೋಣವೆಂದರೆ ಮಾವನಿಗೆ ಸೊಂಟ ಹಿಡಿದಿತ್ತು.

“ನಾನು ಮಾಡ್ತೀನಿ ಮಾವ!” ಎಂದೆ.

“ನಿಮಗೆ ಮಂಡೆ ಸಮ ಉಂಟಾ?” ಎಂದಳು ಹೆಂಡತಿ ಹರಿಣಾಕ್ಷಿ. “ಮಿಕ್ಸಿಯ ಮುಚ್ಚಳ ಸರಿ ಹಾಕ್ಲಿಕ್ಕೆ ಬರುದಿಲ್ಲ, ಇವರು ರೇಸ್ ಬೈಕ್ ರಿಪೇರಿ ಮಾಡುದಂತೆ!”

ಮಾವ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದರು. “ಆಗ್ತದಾ ಮಾಷ್ಟ್ರೇ? ಸತ್ಯವಾ?” ಎಂದು ಕೇಳಿದರು. ಮದುವೆಯಾದ ಇಷ್ಟು ವರ್ಷಗಳಲ್ಲಿ ಅವರು ನನ್ನನ್ನು ಅಷ್ಟು ಆಸೆಯಿಂದ ನೋಡಿದ್ದು ಅದೇ ಮೊದಲು. ಇನ್ನು ಹಿಂದೆ ಸರಿಯುವುದುಂಟೇ!

ಮರುದಿನ ಬೆಳಿಗ್ಗೆ ಕಾರ್ಬುರೇಟರ್ ಜೋಡಿಯನ್ನು ಬಿಚ್ಚಿದೆ. ಎಂಟು ಸ್ಕ್ರೂ ಬಿಚ್ಚಿದೆ, ಒಂಬತ್ತು ಸಿಕ್ಕಿದವು! ಆ ಒಂಬತ್ತನೆಯದನ್ನು ಜೇಬಿಗೆ ಹಾಕಿಕೊಂಡು ಭೂತಗನ್ನಡಿ ಹಿಡಿದು ಸಂಶೋಧನೆಗೆ ಕುಳಿತೆ. ಕಂಪೆನಿಯ ಹೆಸರಿಲ್ಲ, ನಂಬರೂ ಇಲ್ಲ. ಒಳಗೆಲ್ಲ ಯಾರೋ ಅರ ಹಾಕಿ ಉಜ್ಜಿದ ಗೆರೆಗಳು. ಅಸಲಿ ಸಾಮಾನಿನಲ್ಲಿ ಹೀಗೆ ಗೀರುಗಳಿರುತ್ತವೆಯೇ? ಛೆ, ಛೆ! ಇದು ಯಾರೋ ಮಾವನಿಗೆ ಟೋಪಿ ಹಾಕಿ ಕೊಟ್ಟ ನಕಲಿ ಮಾಲು ಎಂದು ತೀರ್ಪು ಬರೆದು, ಅಸಲಿಯನ್ನು ಹುಡುಕಿಕೊಂಡು ಪಂಪ್‌ವೆಲ್‌ನಲ್ಲಿ ಉಳ್ಳಾಲದ ಬಸ್ಸು ಹತ್ತಿದೆ.

ಉಳ್ಳಾಲದಲ್ಲಿ ಹಸನಬ್ಬ ಎಂಬವರ ಹಳೆಯ ಇಂಜಿನ್ ಸಾಮಾನಿನ ಅಂಗಡಿಯಿದೆ. ಅವರು ನನ್ನೊಡನೆ ಕನ್ನಡದಲ್ಲೇ ಮಾತು ಶುರುಮಾಡಿದರು. ಹದಿನಾಲ್ಕು ವರ್ಷ ಇಲ್ಲಿದ್ದು, ಇಲ್ಲಿಯ ಅಳಿಯನಾಗಿ, ನನಗೆ ತುಳು ಬರುವುದಿಲ್ಲವೆಂದು ಇವರು ತಿಳಿದರೆ ಹೇಗೆ? ಮೂಲೆಯಲ್ಲಿ ಫಳಫಳ ಹೊಳೆಯುತ್ತಿದ್ದ ಒಂದು ಜೋಡಿ ಕಾರ್ಬುರೇಟರನ್ನು ಎತ್ತಿ ಹಿಡಿದು, “ಉಂದು ಎಂಚಿನ?” ಎಂದು ತುಳುವಿನಲ್ಲೇ ಕೇಳಿದೆ. ಇದೇನು ಅಂತ.

ಹಸನಬ್ಬನವರಿಗೆ ಖುಷಿಯಾಯಿತು. ಅವರೂ ತುಳುವಿಗೆ ಹೊರಳಿದರು. “ಉಂದು ಓಡದ ಇಂಜಿನ್‌ದ!”

ಓಡದ! ನಿಷೇಧ ಕೃದಂತ! ಮಾಡದ, ನೋಡದ, ಓಡದ! ಅಂದರೆ ಒಮ್ಮೆಯೂ ಓಡದ ಇಂಜಿನಿನಿಂದ ತೆಗೆದದ್ದು, ಹೊಚ್ಚಹೊಸದು!

“ಎರಡೂ ಓಡದ್ದೇ ತಾನೇ?” ಎಂದು ಖಚಿತಪಡಿಸಿಕೊಂಡೆ.

“ಎರಡೂ ಓಡದ್ದೇ. ಡೌಟ್ ಇದ್ರೆ ಕಡಲಿನ ಹತ್ರ ಹೋಗಿ ಯಾರನ್ನಾದ್ರೂ ಕೇಳಿ ಮಾರಾಯ್ರೇ.”

ಕಡಲಿನವರೆಗೆ ಹೆಸರು ಹಬ್ಬಿದ ಪ್ರಾಮಾಣಿಕ ಮನುಷ್ಯ ಎಂದುಕೊಂಡು, ಮಾವನ ‘ನಕಲಿ’ ಜೋಡಿಯನ್ನು ಅವರ ಕೈಗಿಟ್ಟು, ಹೊಳೆಯುವ ಜೋಡಿಯನ್ನು ಬದಲಿಗೆ ತಂದೆ. ಅದಲು ಬದಲು! ಇಷ್ಟು ಚೆನ್ನಾದ ವ್ಯಾಪಾರ ನಾನು ಜನ್ಮದಲ್ಲಿ ಮಾಡಿರಲಿಲ್ಲ.

ತಂದ ಮಾಲು ಬೈಕಿಗೆ ಕೂರಲಿಲ್ಲ. ಅದೇನು ಮಹಾ! ರಬ್ಬರ್ ಪೈಪು, ಕ್ಲಿಪ್ಪು, ಅಂಟು ಎಲ್ಲ ಬಳಸಿ ಮೂರು ದಿನ ಗುದ್ದಾಡಿ ಕೂರಿಸಿದೆ. ಶನಿವಾರ ಬೆಳಿಗ್ಗೆ ಕಿಕ್ ಹೊಡೆದೆ. ಮೂವತ್ತೊಂದನೆಯ ಕಿಕ್ಕಿಗೆ ಬೈಕು ‘ಬುಡು ಬುಡು ಬುಡು’ ಎಂದಿತು! ಹಿಂದೆಯೇ ಬಿಳಿ ಹೊಗೆ ಎದ್ದು ಇಡೀ ಓಣಿ ಮಾಯವಾಯಿತು.

“ಮಲೇರಿಯಾ ಹೊಗೆಯವರು ಬಂದ್ರು, ಕಿಟಕಿ ಹಾಕಿ!” ಎಂದು ಪಕ್ಕದ ಮನೆಯ ಲೀಲಕ್ಕ ಕೂಗಿಕೊಂಡರು.

ಹೊಗೆಯೊಳಗಿಂದ ಮಾವ ಸೊಂಟ ಹಿಡಿದುಕೊಂಡು ಬಂದರು. ಬಗ್ಗಿ ನೋಡಿದರು. “ಮಾಷ್ಟ್ರೇ, ಇದು ಎಂತದ್ದು?”

“ಓಡದ ಇಂಜಿನಿಂದು ಮಾವ!” ಎಂದೆ, ಎದೆಯುಬ್ಬಿಸಿ. “ಒಂದು ಸಲಾನೂ ಓಡಿಲ್ಲವಂತೆ. ಅಂಗಡಿಯವರೇ ತುಳುವಿನಲ್ಲಿ ಹೇಳಿದರು.”

ಹರಿಣಾಕ್ಷಿ ಹಣೆ ಹಣೆ ಚಚ್ಚಿಕೊಂಡಳು. “ಅಯ್ಯೋ ದೇವರೇ! ತುಳುವಿನಲ್ಲಿ ಓಡ ಅಂದ್ರೆ ದೋಣಿ ಮಾರಾಯ್ರೇ! ಓಡದ ಇಂಜಿನ್ ಅಂದ್ರೆ ದೋಣಿಯ ಇಂಜಿನ್! ಮೀನು ಹಿಡಿಯುವ ದೋಣಿಯದ್ದು ತಂದು ಹಾಕಿದ್ದೀರಿ!”

ನನ್ನ ನಿಷೇಧ ಕೃದಂತ ಅಲ್ಲೇ ಸತ್ತುಬಿದ್ದಿತು. ಅದು ಷಷ್ಠೀ ವಿಭಕ್ತಿಯಾಗಿತ್ತು!

“ನನ್ನದು ಎಲ್ಲಿ?” ಎಂದರು ಮಾವ.

“ಆ... ನಕಲೀನಾ ಮಾವ? ಅದನ್ನ ಕೊಟ್ಟುಬಿಟ್ಟೆ.”

“ನಕಲಿಯಾ!” ಮಾವನ ದನಿ ಸಣ್ಣದಾಯಿತು. “ಅದರ ಒಳಗೆ ಆರು ತಿಂಗಳು ಅರ ಹಿಡಿದು ಉಜ್ಜಿದ್ದು ನಾನು ಮಾಷ್ಟ್ರೇ, ಈ ಕೈಯಲ್ಲಿ. ಆ ಗೆರೆಗಳಿಂದಲೇ ಈ ಬೈಕ್ ಎಲ್ಲರಿಗಿಂತ ಮುಂದೆ ಹೋಗ್ತಾ ಇದ್ದದ್ದು.” ಹಾಗೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ನನಗೆ ನಿಜವಾಗಿಯೂ ಅಳು ಬಂತು. ಬೈದಿದ್ದರೂ ಆಗುತ್ತಿತ್ತು.

ಆಟೋ ಹಿಡಿದು ಉಳ್ಳಾಲಕ್ಕೆ ಓಡಿದೆ. ಹಸನಬ್ಬನವರು ನನ್ನನ್ನು ಕಂಡದ್ದೇ ಎದ್ದು ಬಂದು ಕೈ ಕುಲುಕಿದರು. “ಮಾಷ್ಟ್ರೇ, ಎಂತ ಮಾಲು ಅದು! ನನ್ನ ಭಾವನ ದೋಣಿಗೆ ಹೇಗೋ ಕೂರಿಸಿದೆವು. ದೋಣಿ ನೀರಲ್ಲಿ ಹೋಗುದಿಲ್ಲ, ಹಾರ್ತದೆ! ಅಂಥದ್ದು ಇನ್ನೊಂದು ಜೊತೆ ಉಂಟಾ?”

“ಆ ದೋಣಿ ಎಲ್ಲಿ?” ಎಂದೆ.

ಅವರು ಕಡಲಿನ ಕಡೆ ಕೈ ತೋರಿಸಿದರು. “ನಿನ್ನೆ ಹೋಗಿದೆ. ಸೋಮವಾರ ಬರ್ತದೆ. ಬಂದ ಕೂಡ್ಲೇ ಬಿಚ್ಚಿ ಕೊಡ್ತೇನೆ, ಬೇಜಾರು ಮಾಡ್ಬೇಡಿ.”

ಸೋಮವಾರ! ಮೆರವಣಿಗೆ ಭಾನುವಾರ!

ಮನೆಗೆ ಬಂದು ತಲೆ ತಗ್ಗಿಸಿ ನಿಂತು ವರದಿ ಒಪ್ಪಿಸಿದೆ. ಮಾವ ಸೊಂಟ ಹಿಡಿದುಕೊಂಡು ಮೆಟ್ಟಿಲಿನಿಂದ ಎದ್ದರು. ಆಮೇಲೆ, “ದೋಣಿ ಹಾರ್ತದೆ ಅಂತ ಹೇಳಿದ್ರಾ ಅವರು?” ಎಂದು ಕೇಳಿದರು. ಹೌದೆಂದೆ. ಮೀಸೆಯ ಅಡಿಯಲ್ಲಿ ಸಣ್ಣ ನಗು ಕಾಣಿಸಿತು. “ಬೈಕಿಂದ ಆ ಹೊಗೆಯದ್ದನ್ನು ತೆಗೀರಿ. ನಾಳೆ ಏಳು ಗಂಟೆಗೆ ಶೂ ಹಾಕಿ ರೆಡಿ ಇರಿ. ಚಪ್ಪಲಿ ಬೇಡ, ಜಾರ್ತದೆ.”

ಭಾನುವಾರ ಪಂಪ್‌ವೆಲ್‌ನಿಂದ ಕಂಕನಾಡಿಯ ಏರಿನಲ್ಲಿ ಮಾವನ ಬೈಕು ಸಾಗಿತು. ಮಾವ ಹಳೆಯ ಹೆಲ್ಮೆಟ್ ಧರಿಸಿ, ಬೆನ್ನು ನೆಟ್ಟಗೆ ಮಾಡಿ, ಎರಡೂ ಕಡೆ ಕೈ ಬೀಸುತ್ತಿದ್ದರು. ಹಿಂದಿನಿಂದ ತಳ್ಳುತ್ತಿದ್ದವನು ನಾನು. ಹರಿಣಾಕ್ಷಿ ಪಕ್ಕದಲ್ಲಿ ಆಟೋದಲ್ಲಿ ಕೂತು ವೀಡಿಯೋ ಮಾಡುತ್ತಿದ್ದಳು. ಅರ್ಧ ಏರಿನಲ್ಲಿ ನನಗೆ ಏದುಸಿರು ಬಂದು ಬೈಕು ನಿಂತಿತು. ರಸ್ತೆ ಬದಿಯವರು ಯಾರೋ ನನ್ನ ಕೈಗೆ ಒಂದು ಎಳನೀರು ಕೊಟ್ಟರು. ಕುಡಿದು ಮತ್ತೆ ತಳ್ಳಿದೆ.

ಮೇಲೆ ತಲುಪಿದಾಗ ಮಾವನ ಹಳೆಯ ಎದುರಾಳಿಯೊಬ್ಬರು ಬೈಕನ್ನು ಸುತ್ತ ಬಂದು ನೋಡಿ, “ಇದು ಈಗಲೂ ಏರು ಹತ್ತುತ್ತದಲ್ಲ ಮಾರಾಯ! ಮೈಲೇಜ್ ಎಷ್ಟು ಉಂಟು?” ಎಂದು ಕೇಳಿದರು.

ಮಾವ ನನ್ನ ಬೆನ್ನು ತಟ್ಟಿ ಹೇಳಿದರು, “ಎಳನೀರಿಗೆ ಅರ್ಧ ಕಿಲೋಮೀಟರ್.”