ಕೆಳದವಡೆಯ ಸಂಬಂಧ

ತಿಂಗಳಿಂದ ಸುಮ್ಮನಿದ್ದ ಹಲ್ಲು, ಮಗಳನ್ನು ಕೇಳಲು ಗಂಡಿನವರು ಬರುವ ಶನಿವಾರವೇ ಉದೆಂಬಾ ಮೇಷ್ಟ್ರಿಗೆ ಕೈಕೊಟ್ಟಿತು. ಐವತ್ತೆಂಟರ ವಯಸ್ಸಿಗೆ ವಸಡು ಸರಿದು, ಬಯಲಾದ ಬುಡ ಕಂದು ಬಣ್ಣಕ್ಕೆ ತಿರುಗಿ ಕೊಳೆತಿತ್ತು. ಗಾಳಿ ತಾಗಿದರೂ ಜೀವ ಹೋದಂತಾಗುತ್ತಿತ್ತು.

"ಇವತ್ತು ಬಾಯಿ ತೆಗೀಬೇಡಿ," ಅಂದಳು ಹೆಂಡತಿ ಅದಾಕು. "ಆ ಜನ ತಿಂಗಳಿಂದ ಬೀದೀಲೆಲ್ಲಾ ವಿಚಾರಿಸ್ತಿದಾರೆ. ಈ ಮನೇಲಿ ಹುಚ್ಚು ಇದೆಯಾ, ಮೂರ್ಛೆ ಇದೆಯಾ ಅಂತ. ಕೊಳೆಯೋ ರೋಗ ಇದೆ ಅಂತ ಗೊತ್ತಾದ್ರೆ ಮುಗೀತು!"

ಮುಗಿಯುತ್ತದೆಂದು ಅವನಿಗೂ ಗೊತ್ತಿತ್ತು. ಹೋದ ವರ್ಷ ಬಂದ ಸಂಬಂಧ, ಅವನ ಚಿಕ್ಕಪ್ಪ ಮೇಕೆಯ ಜೊತೆ ಮಾತಾಡುತ್ತಿದ್ದನೆಂಬ ಕಾರಣಕ್ಕೇ ಮುರಿದಿತ್ತು. ಮಗಳು ಉಜೊಮಾಗೆ ಈಗ ಮೂವತ್ತು. ಈ ಹುಡುಗನನ್ನು ಅವಳೇ ಮೆಚ್ಚಿದ್ದಳು. ತನ್ನ ಒಂದು ಹಲ್ಲಿನಿಂದ ಇದೂ ಹೋದರೆ ಮಗಳ ಮುಖ ನೋಡುವುದು ಹೇಗೆಂದು ಅವನಿಗೆ ಬೆಳಿಗ್ಗೆಯಿಂದ ಅದೇ ಚಿಂತೆ.

ಪಕ್ಕದ ಮನೆಯ ದರ್ಜಿ ನ್ನಾಡಿ ಬೇಲಿಯ ಮೇಲಿಂದ ಇಣುಕಿದ. "ಏನ್ ಮೇಷ್ಟ್ರೇ, ಕೆನ್ನೇಲಿ ಗೆಣಸು ಇಟ್ಕೊಂಡಿದೀರಾ?"

ಉದೆಂಬಾ ಕೈಸನ್ನೆಯಲ್ಲೇ ಸುಮ್ಮನಿರೆಂದು ಬೇಡಿಕೊಂಡ. ಕೇಳದೆ ಸಲಹೆ ಕೊಡುವುದರಲ್ಲಿ ನ್ನಾಡಿಯದು ಎತ್ತಿದ ಕೈ. ಓಡಿಹೋಗಿ ತಾಳೆ ಸಾರಾಯಿ ತಂದ. "ಬಾಯಲ್ಲಿ ಇಟ್ಕೊಳ್ಳಿ, ನುಂಗ್ಬೇಡಿ. ಹಲ್ಲು ನಿದ್ದೆ ಹೋಗುತ್ತೆ."

ಅಷ್ಟರಲ್ಲಿ ಅದಾಕು ಹಿಂದಿನಿಂದ "ಬಂದ್ರು!" ಎಂದು ಕೂಗಿದಳು. ಉದೆಂಬಾ ಬೆಚ್ಚಿ ಗಟಕ್ಕನೆ ನುಂಗಿದ. ಹಲ್ಲಿಗೆ ನಿದ್ದೆ ಬರಲಿಲ್ಲ. ಕಣ್ಣು ಕೆಂಪಾಗಿ, ಊದಿದ ಕೆನ್ನೆಯ ಜೊತೆಗೆ ಸಾರಾಯಿ ವಾಸನೆಯೂ ಸೇರಿತು.

ಹುಡುಗನ ದೊಡ್ಡಪ್ಪ ಅನ್ಯಾಸೊ, ಅವರ ತಮ್ಮ, ತಂಗಿ, ಮೂವರೂ ಬಂದು ಕೂತರು. ಅದಾಕು ತಟ್ಟೆಯಲ್ಲಿ, ಬಂದವರಿಗೆ ಅಡಿಕೆಯಂತೆ ಅಗಿಯಲು ಕೊಡುವ ಗಟ್ಟಿ ಕೋಲಾ ಕಾಯಿ ತಂದಿಟ್ಟಳು. ಮನೆಯ ಯಜಮಾನ ಮೊದಲು ಅಗಿದು ತೋರಿಸಬೇಕು. ಅಗಿಯದಿದ್ದರೆ ಅವನ ಮನಸ್ಸಿನಲ್ಲಿ ವಿಷವಿದೆಯೆಂದೇ ಲೆಕ್ಕ. ಉದೆಂಬಾ ಒಂದು ಚೂರನ್ನು ನೋವಿಲ್ಲದ ಎಡದವಡೆಗೆ ಇಟ್ಟ. ಹಾಳಾದ್ದು ಬಲಕ್ಕೇ ಜಾರಿತು.

"ಅಯ್ಯಯ್ಯೋ!"

ಅನ್ಯಾಸೊ ಮೂಗು ಮುರಿದರು. "ಕೋಲಾ ತಿಂದು ಅಳೋ ಬೀಗರನ್ನ ಇವತ್ತೇ ನೋಡಿದ್ದು. ಕುಡಿದಿದಾರೋ, ಕಾಯಿಲೆಯೋ?"

"ಹಲ್ಲಿನ ಬುಡ ಕೊಳೆತಿದೆ ಹಿರಿಯರೇ," ಉದೆಂಬಾ ತಲೆ ತಗ್ಗಿಸಿದ.

"ಕೊಳೆತಿದೆಯಾ?" ಮೂವರೂ ಎದ್ದು ನಿಂತರು.

ಒಳಗಿನಿಂದ ಉಜೊಮಾ ಟಾರ್ಚ್ ಹಿಡಿದು ಬಂದಳು. ಅವಳು ಆರೋಗ್ಯ ಕೇಂದ್ರದ ನರ್ಸು. "ದೊಡ್ಡಪ್ಪಾ, ಇದು ಮನೆತನದ ರೋಗ ಅಲ್ಲ. ವಯಸ್ಸಾದಂಗೆ ವಸಡು ಸರಿಯುತ್ತೆ, ಬುಡ ಕೊಳೆಯುತ್ತೆ. ಎಷ್ಟೋ ಜನಕ್ಕೆ ಇರುತ್ತೆ, ಗೊತ್ತೇ ಇರಲ್ಲ. ಎಲ್ಲಿ, ನೀವು 'ಆ' ಅನ್ನಿ."

ಅನ್ಯಾಸೊ ಹಿಂದೇಟು ಹಾಕಿದರೂ ಬಾಯಿ ತೆರೆದರು. ಮೂರು ಹಲ್ಲಿನ ಬುಡ ಕೊಳೆತಿತ್ತು. ತಮ್ಮನಿಗೆ ಎರಡು, ತಂಗಿಗೆ ಒಂದು. ಕರೆಯದೆ ಬಂದು ಬಾಯಿ ತೆರೆದ ನ್ನಾಡಿಗೆ ನಾಲ್ಕು.

"ಅಯ್ಯೋ, ನಾನೂ ಎಡಗಡೇನೇ ಅಗಿಯೋದು ಕಣ್ರೀ!" ಅಂದಳು ತಂಗಿ. ಮನೆಯೆಲ್ಲಾ ನಗು. ಬೆಳಿಗ್ಗೆಯಿಂದ ತುಟಿ ಬಿಗಿದಿದ್ದ ಉದೆಂಬಾನ ಎದೆ ಹಗುರಾಯಿತು. ಮಗಳ ಕಡೆ ನೋಡಿ, ಬಾಯಿ ತುಂಬಾ ನಕ್ಕ.

ಅನ್ಯಾಸೊ ಟಾರ್ಚ್ ಕಸಿದುಕೊಂಡು ಆ ಬಾಯೊಳಗೆ ಬಗ್ಗಿ ನೋಡಿದರು. ಅವರ ನಗು ನಿಂತುಹೋಯಿತು.

"ಬಲಗಡೆ, ಕೆಳಗೆ, ಹಿಂದಿನಿಂದ ಎರಡನೇದು. ನಂದೂ ಅದೇ, ನಮ್ಮಪ್ಪಂದೂ ಅದೇ ಹೋಗಿತ್ತು. ಮೇಷ್ಟ್ರೇ, ನಿಮ್ಮಜ್ಜಿ ಯಾವೂರು?"

"ಅಮಾಬೆ."

"ನಮ್ಮಜ್ಜೀನೂ ಅಮಾಬೆ."

"ದೊಡ್ಡಪ್ಪಾ, ಇದು ಎಲ್ಲರಿಗೂ ಬರುತ್ತೆ ಅಂದೆನಲ್ಲಾ!" ಉಜೊಮಾ ಟಾರ್ಚನ್ನು ವಾಪಸ್ ಕಿತ್ತುಕೊಂಡಳು.

"ಸುಮ್ನಿರಮ್ಮ. ಒಂದೇ ರಕ್ತದಲ್ಲಿ ಹೆಣ್ಣು ತಂದ್ರೆ ಊರು ಒಪ್ಪುತ್ತಾ? ಅಮಾಬೇಲಿ ಏಳು ತಲೆಮಾರು ವಿಚಾರಿಸ್ಬೇಕು. ಅಲ್ಲೀವರೆಗೂ ಮದುವೆ ಮಾತು ಬೇಡ."

ಹೊರಟುಬಿಟ್ಟವರ ಹಿಂದೆ ಉದೆಂಬಾ ಗೇಟಿನವರೆಗೂ ಓಡಿ ಗೋಗರೆದ. ಅನ್ಯಾಸೊ ತಿರುಗಿ, ಕಣ್ಣಲ್ಲಿ ನೀರು ತಂದುಕೊಂಡು, ಅವನನ್ನು ಬಿಗಿಯಾಗಿ ತಬ್ಬಿಕೊಂಡರು.

"ಬರ್ತೀನಿ ತಮ್ಮಾ. ಮಗಳಿಗೆ ಬೇಗ ಒಳ್ಳೆ ಗಂಡು ನೋಡು."