ಅಧ್ಯಕ್ಷರ ಟೋಪಿ

ಆ ದಿನದ ಫಜೀತಿಗೆಲ್ಲ ಮೂಲ ಒಂದು ಟೋಪಿ.

ನೆಬ್ರಾಸ್ಕಾದ ನಮ್ಮೂರಿನ ರೈಲು ಹಳಿಯಲ್ಲಿ ಲಾಭವಿಲ್ಲವೆಂದು ದೊಡ್ಡ ಕಂಪನಿ ಕೈಬಿಟ್ಟಾಗ, ಸರಕು ಸಾಗಿಸಲು ಬೇರೆ ದಾರಿ ಕಾಣದೆ ಮೂವರು ಸೇರಿ ಅದನ್ನು ಕೊಂಡರು: ದನದ ಮೇವಿನ ಗಿರಣಿಯ ವರ್ಜಿಲ್, ಉಪ್ಪಿನಕಾಯಿ ಕಾರ್ಖಾನೆಯ ಲೊವೆಲ್, ಇಟ್ಟಿಗೆ ಗೂಡಿನ ಹೆಡ್ವಿಗ್ ಅಜ್ಜಿ. ಒಂದು ಮುದಿ ಇಂಜಿನ್ನು. ಸಂಬಳದ ಆಳು ಡ್ರೈವರ್ ಕ್ಲೆಮ್ ಒಬ್ಬನೇ. ಮಿಕ್ಕ ಕೆಲಸಗಳನ್ನು ಸಭೆಯಲ್ಲಿ ಹಂಚಿಕೊಂಡರು. ಅಧ್ಯಕ್ಷಗಿರಿ ಲೊವೆಲ್ ಪಾಲಿಗೆ ಬಂತು. ವರ್ಜಿಲ್ ಆಗ ಗೊರಕೆ ಹೊಡೆಯುತ್ತಿದ್ದ.

ಮೊದಲ ರೈಲು ಹೊರಡುವ ಬೆಳಿಗ್ಗೆ ಲೊವೆಲ್ ಜರಿಯಂಚಿನ ಟೋಪಿ ಹಾಕಿಕೊಂಡು ಬೀದಿಗಿಳಿದ. ವರ್ಜಿಲ್‌ನ ಹೆಂಡತಿ ಓಪಲ್ ಕಿಟಕಿ ಬಿಟ್ಟು ಕದಲಲಿಲ್ಲ.

"ನೋಡ್ರೀ, ಎಷ್ಟು ಲಕ್ಷಣವಾಗಿದಾನೆ!"

"ಉಪ್ಪಿನಕಾಯಿ ಭರಣಿಗೆ ಮುಚ್ಚಳ ಹಾಕ್ದಂಗಿದೆ," ಎಂದ ವರ್ಜಿಲ್. ಅರ್ಧ ತಿಂದ ಪ್ಯಾನ್‌ಕೇಕು ಬಿಟ್ಟು ಕ್ಷೌರಕ್ಕೆ ಹೊರಟ.

ಕ್ಷೌರದಂಗಡಿಯಲ್ಲೂ ಅದೇ ಮಾತು. "ಆ ಟೋಪಿ ನಿಂಗಿದ್ದಿದ್ರೆ ಈ ಬೋಳಾದ್ರೂ ಮುಚ್ತಿತ್ತು," ಎಂದು ಕ್ಷೌರಿಕ ಗಸ್ ಕನ್ನಡಿ ಹಿಡಿದ. ವರ್ಜಿಲ್ ಒಂದು ಕೆನ್ನೆಯ ಸೋಪಿನ ಸಮೇತ ಎದ್ದು ಇಟ್ಟಿಗೆ ಗೂಡಿಗೆ ಓಡಿದ.

"ಅಜ್ಜೀ, ನನ್ನ ಅಧ್ಯಕ್ಷ ಮಾಡಿ. ನಿಮ್ಮಿಟ್ಟಿಗೆನೇ ಮೊದ್ಲು ಹೋಗ್ಲಿ, ನನ್ನ ಮೇವು ಆಮೇಲೆ."

"ನಿಜವಾಗ್ಲೂ ಬೇಕೇನೋ?"

"ಪ್ರಾಣ ಹೋದ್ರೂ ಬೇಕು!"

"ಆಯ್ತಪ್ಪ. ಬೂಟು ಗಟ್ಟಿಯಾಗಿದಾವಾ?"

ಅಜ್ಜಿಗೆ ಅರಳುಮರಳು ಎಂದುಕೊಂಡ ವರ್ಜಿಲ್.

ನಿಲ್ದಾಣದಲ್ಲಿ ಊರೆಲ್ಲ ನೆರೆದಿತ್ತು. ವರ್ಜಿಲ್ ಪೆಟ್ಟಿಗೆ ಹತ್ತಿ, "ಅಧ್ಯಕ್ಷರ ಆಯ್ಕೆ ಮತ್ತೆ ಆಗ್ಬೇಕು!" ಎಂದು ಕೂಗಿದ. ಅಜ್ಜಿ ಅವನ ಪರ ಕೈಯೆತ್ತಿದಳು. ಎಲ್ಲರಿಗಿಂತ ಮೇಲಕ್ಕೆ ಎದ್ದದ್ದು ಲೊವೆಲ್‌ನ ಕೈ.

"ನಿಂಗೆ ಹೊಟ್ಟೆ ಉರಿಯಲ್ವೇನೋ?" ಎಂದ ವರ್ಜಿಲ್.

"ಛೇ! ಬೆಳಿಗ್ಗೆಯಿಂದ ಮೂರ್ಸಲ ನಿನ್ನ ಮನೆ ಮುಂದೆ ಓಡಾಡಿದ್ದು ಸಾರ್ಥಕ ಆಯ್ತು," ಎಂದು ಲೊವೆಲ್ ಟೋಪಿ ತೊಡಿಸಿ, ಅಪ್ಪಿಕೊಂಡು ಕಣ್ಣೊರೆಸಿಕೊಂಡ.

ಕ್ಲೆಮ್ ಇಂಜಿನ್ನಿನಿಂದ ಬಗ್ಗಿ ಒಂದು ಕೆಂಪು ಬಾವುಟ ಕೊಟ್ಟ. "ನಡೀರಿ ಅಧ್ಯಕ್ಷರೇ."

"ಎಲ್ಲಿಗೆ?"

"ಇಂಜಿನ್ ಮುಂದೆ. ರಸ್ತೆ ದಾಟೋ ಕಡೆ ಎಲ್ಲೂ ಗೇಟಿಲ್ವಲ್ಲ. ಅಧ್ಯಕ್ಷರೇ ಬಾವುಟ ಹಿಡ್ಕೊಂಡು ನಡೀಬೇಕು, ಹಳಿ ಮೇಲಿನ ದನ ಓಡಿಸ್ಬೇಕು. ಸಭೇಲೇ ತೀರ್ಮಾನ ಆಗಿತ್ತಲ್ಲ?"

"ದಿನಾನಾ?"

"ಭಾನುವಾರ ರಜ."

ವಾದ್ಯದವರು ಬಾರಿಸಿದರು. ಕೆನ್ನೆಯ ಮೇಲೆ ಒಣಗಿದ ಸೋಪು ಹೊತ್ತು ವರ್ಜಿಲ್ ಬಿಸಿಲಲ್ಲಿ ಹೆಜ್ಜೆ ಹಾಕಿದ. ಹಿಂದೆ ಇಂಜಿನ್ನು ತವರಿಗೆ ಹೊರಟ ಎಮ್ಮೆಯಂತೆ ಬುಸುಗುಟ್ಟುತ್ತ ಬಂತು. ತಿರುಗಿ ನೋಡಿದರೆ ಲೊವೆಲ್ ಮರದ ನೆರಳಿನ ಬೆಂಚಿನಲ್ಲಿ ಬೂಟು ಬಿಚ್ಚಿ ಕಾಲು ಚಾಚಿದ್ದ. ಅವನ ತಟ್ಟೆಗೆ ಓಪಲ್ ಸೇಬಿನ ಕಡುಬು ಬಡಿಸುತ್ತಿದ್ದಳು.

"ಅಧ್ಯಕ್ಷರೇ, ಬೇಗ ಬೇಗ! ನನ್ನ ಉಪ್ಪಿನಕಾಯಿ ತಡ ಆಗ್ತಿದೆ!" ಎಂದು ಲೊವೆಲ್ ಕೂಗಿದ.

ಅದರ ಬೆನ್ನಿಗೇ ಓಪಲ್‌ಳ ದನಿ ತೇಲಿ ಬಂತು: "ನೋಡ್ರೀ, ಟೋಪಿ ಇಲ್ದೆ ಇನ್ನೂ ಲಕ್ಷಣವಾಗಿ ಕಾಣ್ತಾನೆ!"