ಕೂರಲು ಬಾರದ ಗಂಡನೊಡನೆ ಒಂದು ಕ್ಯಾರೊಲ್ ಸಂಜೆ

ನನ್ನ ಗಂಡನಿಗೆ ಕುಳಿತುಕೊಳ್ಳಲು ಬರುವುದಿಲ್ಲ!

ಡಾಕ್ಟರರಿಗೆ ತೋರಿಸಿ ಎಂದು ಸಲಹೆ ಕೊಡಬೇಡಿ. ವಿಲ್ಲೇಜ್ ಆಫೀಸಿನ ಕುರ್ಚಿಯಲ್ಲಿ ಹತ್ತರಿಂದ ಐದರ ತನಕ ಚೆನ್ನಾಗಿಯೇ ಕೂರುತ್ತಾರೆ. ಬದಿಯಡ್ಕದ ಬಸ್ಸಿನಲ್ಲಿ ಸೀಟು ಸಿಕ್ಕಿದರೆ ಬಿಡುವವರೂ ಅಲ್ಲ. ಆದರೆ ಯಾರದಾದರೂ ಮನೆಯ ಮದುವೆಗೋ ಉಪನಯನಕ್ಕೋ ಅತಿಥಿಯಾಗಿ ಹೋದರೆ ಮುಗಿಯಿತು. ಐದು ನಿಮಿಷದೊಳಗೆ ಅಂಗಿ ಕಳಚಿ, ಸೊಂಟಕ್ಕೆ ಬೈರಾಸು ಬಿಗಿದು, ಕೈಯಲ್ಲೊಂದು ಸೌಟು ಹಿಡಿದಿರುತ್ತಾರೆ. ಬಂದವರನ್ನು ವಿಚಾರಿಸಿ, ಬಡಿಸಿ, ಉಪಚರಿಸುವ ಕೆಲಸಕ್ಕೆ ನಮ್ಮ ಕಡೆ ಸುಧಾರಿಕೆ ಎನ್ನುತ್ತಾರೆ. ಅದನ್ನು ನೆಂಟರು, ನೆರೆಕರೆಯವರು ಸೇರಿ ಮಾಡುವುದು ವಾಡಿಕೆ. ಇವರೋ, ದಾರಿ ತಪ್ಪಿ ಯಾರದೋ ಮದುವೆಗೆ ನುಗ್ಗಿದರೂ ಸುಧಾರಿಸಿಯೇ ಬರುವವರು. ಒಮ್ಮೆ ಹಾಗೆ ಬಂದದ್ದೂ ಉಂಟು!

ನಮ್ಮ ಮದುವೆಯ ದಿನವೇ ನನಗೆ ಸೂಚನೆ ಸಿಕ್ಕಿತ್ತು. ಊಟಕ್ಕೆ ಕೂತಾಗ ನನ್ನ ಪಕ್ಕದ ಎಲೆಯ ಮುಂದೆ ಯಾರೂ ಇಲ್ಲ. ನನ್ನಜ್ಜಿ ಕನ್ನಡಕ ಸರಿ ಮಾಡಿಕೊಂಡು, "ಮದುಮಗ ಎಲ್ಲಿ?" ಎಂದು ಕೇಳಿದರು.

"ಆಚೆ ಸಾಲಿಗೆ ಸಾರು ಬಡಿಸ್ತಾ ಇದ್ದಾರೆ," ಎಂದರು ಯಾರೋ.

ಇನ್ನೊಮ್ಮೆ ಬಂದ್ಯೋಡಿನಲ್ಲಿ ಇವರ ಬ್ಯಾರಿ ಸ್ನೇಹಿತರ ಮಗಳ ಮದುವೆ. ಇವರು ಶುದ್ಧ ಸಸ್ಯಾಹಾರಿ, ಬಿರಿಯಾನಿಯ ಹತ್ತಿರ ಸುಳಿಯುವಂತಿಲ್ಲ. ಇವತ್ತಾದರೂ ಕೂರುತ್ತಾರೆ ಎಂದು ನಾನು ನೆಮ್ಮದಿಯಿಂದ ಶರಬತ್ತು ಕುಡಿಯುತ್ತಿದ್ದೆ. ಮಹಾನುಭಾವರು ಗೇಟಿನ ಬಳಿ ನಿಂತು ವಾಹನ ನಿಲ್ಲಿಸುವ ಸುಧಾರಿಕೆ ಶುರು ಮಾಡಿದ್ದರು. ಎಂಥ ಶಿಸ್ತು ಅಂತೀರಿ! ಹೂವಿನಿಂದ ಮುಚ್ಚಿಹೋಗಿದ್ದ ಮದುಮಗನ ಕಾರನ್ನೇ, "ಇಲ್ಲಿ ಜಾಗ ಇಲ್ಲ, ಶಾಲೆ ಮೈದಾನಕ್ಕೆ ಹೋಗಿ," ಎಂದು ಅರ್ಧ ಮೈಲಿ ಆಚೆ ಕಳುಹಿಸಿಬಿಟ್ಟರು.

ಹೀಗೆ ಇಪ್ಪತ್ತಮೂರು ವರ್ಷ. ಎಲ್ಲಿ ಹೋದರೂ ಪಕ್ಕದಲ್ಲಿ ಕೂತವರು ನನ್ನನ್ನು ಕೇಳುವುದು ಒಂದೇ ಮಾತು, "ನಿಮ್ಮ ಮನೆಯವರು ಬರಲಿಲ್ಲವಾ ಟೀಚರೇ?" ಅದೇ ಹೊತ್ತಿಗೆ ಆ ಮನೆಯವರು ಅವರ ಎಲೆಗೇ ಸಾಂಬಾರು ಸುರಿಯುತ್ತಿರುತ್ತಾರೆ! ನಾನೂ ನಗುತ್ತಿದ್ದೆ. ಆದರೆ ಒಳಗೊಳಗೆ ಬೇಜಾರಾಗುತ್ತಿತ್ತು. ಒಮ್ಮೆಯಾದರೂ ಗಂಡನ ಪಕ್ಕ ಕೂತು, ಒಂದು ಕಾರ್ಯಕ್ರಮವನ್ನು ಕೊನೆಯವರೆಗೆ ನೋಡಿ, ಇಬ್ಬರೂ ಒಟ್ಟಿಗೆ ಎದ್ದು ಬರಬೇಕೆಂಬ ಆಸೆ ನನಗೆ. ಇದೇನು ದೊಡ್ಡ ಆಸೆಯೇ, ನೀವೇ ಹೇಳಿ?

ಹಾಗಿರುವಾಗ ನಮ್ಮ ಶಾಲೆಯ ಲೀನಾ ಟೀಚರು ಕ್ರಿಸ್ಮಸ್ ಗಾನಸಂಜೆಗೆ ಕರೆದರು. ಅವರ ಇಗರ್ಜಿಯ ಅಂಗಳದಲ್ಲಿ ನಾಲ್ಕೂವರೆಗೆ ಶುರು, ಏಳರೊಳಗೆ ಮುಕ್ತಾಯ. ಅವರೂ ಹಾಡುವವರಿದ್ದರು. "ಇಬ್ಬರೂ ಬರಬೇಕು, ಎದುರಲ್ಲೇ ಎರಡು ಕುರ್ಚಿ ಇಟ್ಟಿರ್ತೇನೆ," ಎಂದರು. ನಾನು ಮೊದಲು ಕೇಳಿದ್ದು, "ಊಟ ಉಂಟಾ?" ಎಂದು. ಇಲ್ಲ ಎಂದರು. ನನಗೆ ಕುಣಿಯುವಷ್ಟು ಖುಷಿಯಾಯಿತು. ಪಂಕ್ತಿಯಿಲ್ಲ, ಸೌಟಿಲ್ಲ, ಇವರು ಎಲ್ಲಿಗೆ ಓಡುತ್ತಾರೆ?

ಹೊರಡುವ ಮೊದಲು ಖಡಾಖಂಡಿತವಾಗಿ ಹೇಳಿದೆ. "ಇವತ್ತು ಮುಗಿಯುವವರೆಗೆ ನನ್ನ ಪಕ್ಕ ಕೂರಬೇಕು. ಎದ್ದು ಹೋದರೆ ಇನ್ನು ನಿಮ್ಮ ಜೊತೆ ನಾನು ಎಲ್ಲಿಗೂ ಬರುವುದಿಲ್ಲ."

"ಎಂತ ಮಾರಾಯ್ತಿ, ಕೂರುವುದು ದೊಡ್ಡ ಸಂಗತಿಯಾ?" ಎಂದರು.

ದೊಡ್ಡ ಸಂಗತಿಯೇ! ಎರಡೂ ಅಂಗೈಗಳನ್ನು ತೊಡೆಯಡಿ ಇಟ್ಟುಕೊಂಡು, ಚುಚ್ಚುಮದ್ದಿಗೆ ಕಾದವರಂತೆ ಕೂತರು. ವೇದಿಕೆಯಲ್ಲಿ ನಲುವತ್ತು ಮಂದಿ ಸಾಲಾಗಿ ನಿಂತು ಕೊಂಕಣಿಯಲ್ಲಿ ಒಂದು, ಕನ್ನಡದಲ್ಲಿ ಒಂದು, ಮಲಯಾಳದಲ್ಲಿ ಒಂದು ಹಾಡಿದರು. ಹೆಂಗಸರು ಮೇಲಿನ ಸ್ವರದಲ್ಲಿ, ಗಂಡಸರು ಕೆಳಗಿನ ಸ್ವರದಲ್ಲಿ ಅವರವರ ದಾರಿ ಹಿಡಿದು ಹೋಗಿ ಕೊನೆಗೆ ಒಂದೇ ಕಡೆ ಬಂದು ಸೇರುವಾಗ ನನಗೆ ಮೈ ಜುಮ್ಮೆಂದಿತು. ಇವರಿಗೂ ಹಾಗೇ ಆಗಿರಬೇಕೆಂದು ತಿರುಗಿ ನೋಡಿದೆ.

"ಅಲ್ಲ, ಇಷ್ಟು ಜನ ಹಾಡ್ತಾರೆ, ಕುಡಿಯಲಿಕ್ಕೆ ನೀರು ಕೊಡುವವರು ಯಾರೂ ಇಲ್ಲವಾ?" ಎಂದು ಪಿಸುಗುಟ್ಟಿದರು.

"ಸುಮ್ಮನೆ ಕೂತ್ಕೊಳ್ಳಿ!" ಎಂದೆ.

ಮುಕ್ಕಾಲು ಗಂಟೆ ಕೂತರು. ಸುಳ್ಳಲ್ಲ, ಗಡಿಯಾರ ನೋಡಿದ್ದೇನೆ. ಅಷ್ಟರಲ್ಲಿ ವಿರಾಮ ಬಂತು. ಊಟ ಇಲ್ಲ ಎಂದಿದ್ದ ಲೀನಾ ಟೀಚರು ಕೇಕಿನ ಸುದ್ದಿ ಹೇಳಿರಲಿಲ್ಲ! ದೊಡ್ಡ ತಟ್ಟೆಯಲ್ಲಿ ಕೇಕಿನ ತುಂಡು ಹಿಡಿದು ಒಬ್ಬರು ಹೆಂಗಸು ನಮ್ಮ ಸಾಲಿಗೆ ಬಂದರು. ಕೈ ನೋಯುತ್ತಿತ್ತೋ ಏನೋ, ತಟ್ಟೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. ಅಷ್ಟೇ ಸಾಕಾಯಿತು. "ಕೊಡಿ ಇಲ್ಲಿ," ಎಂದು ಇವರು ಎದ್ದೇಬಿಟ್ಟರು. ಬೈರಾಸಿಲ್ಲದ್ದಕ್ಕೆ ಕರವಸ್ತ್ರವನ್ನೇ ಸೊಂಟಕ್ಕೆ ಸಿಕ್ಕಿಸಿಕೊಂಡರು.

ನಮ್ಮ ಪಂಕ್ತಿಯಲ್ಲಿ ಬೇಡ ಎಂದರೆ ಇನ್ನೂ ಸ್ವಲ್ಪ ಬಡಿಸಬೇಕೆಂದು ಅರ್ಥ. ಅಲ್ಲಿ ತಲೆಗೊಂದು ತುಂಡು ಎಂದು ಲೆಕ್ಕ. ಇವರು, "ಒಂದೇ ಒಂದು! ಸಣ್ಣದು! ಬೇಡ ಅನ್ನಲಿಕ್ಕಿಲ್ಲ!" ಎಂದು ಒತ್ತಾಯ ಮಾಡಿದ್ದೇ ಮಾಡಿದ್ದು. ಪಾಪ, ಸಜ್ಜನರು, ಯಾರೂ ಬೇಡ ಎನ್ನಲಿಲ್ಲ. ಮೊದಲ ನಾಲ್ಕು ಸಾಲಿನವರು ತಲಾ ಮೂರು ತುಂಡು ತಿಂದು ಮುಗಿಸುವಾಗ ಇಡೀ ಅಂಗಳದ ಕೇಕು ಖಾಲಿ! ಹಾಡುವವರು ವೇದಿಕೆಯಿಂದ ಇಳಿದು ಬಂದು ಖಾಲಿ ತಟ್ಟೆ ನೋಡಿದರು. ಫಾದರ್ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು. ಯಾರೋ ಓಡಿ ಹೋಗಿ ಅಂಗಡಿಯಿಂದ ಬಿಸ್ಕೆಟು ತಂದರು.

ನನಗೆ ನಗು ಬರಲಿಲ್ಲ. ಮತ್ತೆ ಹಾಡು ಶುರುವಾದಾಗಲೂ ಪಕ್ಕದ ಕುರ್ಚಿ ಖಾಲಿಯೇ ಇತ್ತು. ಲೀನಾ ಟೀಚರು ಹಾಡುವಾಗಲೂ ಖಾಲಿ. ಕಣ್ಣು ತುಂಬಿ ಬಂತು. ಒಬ್ಬಳೇ ಬಸ್ಸು ಹಿಡಿದು ಮನೆಗೆ ಹೋಗುತ್ತೇನೆ ಎಂದು ಚೀಲ ಎತ್ತಿಕೊಳ್ಳುವ ಹೊತ್ತಿಗೆ ಇವರು ಬಂದು ಮೆಲ್ಲನೆ ಕೂತರು.

"ಯಾಕೆ ಬಂದಿರಿ? ಹೋಗಿ, ತಟ್ಟೆ ತೊಳೆಯಲಿಕ್ಕೆ ಉಂಟಾ ನೋಡಿ," ಎಂದೆ.

ಇವರು ವೇದಿಕೆಯ ಕಡೆಗೇ ನೋಡುತ್ತಾ ಹೇಳಿದರು. "ನನಗೆ ಹೆದರಿಕೆ ಆಗ್ತದೆ ಮಾರಾಯ್ತಿ."

"ಕೂರಲಿಕ್ಕಾ?"

"ಹೂಂ. ಪಿ.ಎಸ್.ಸಿ. ಪರೀಕ್ಷೆ ಬರೆದು ಕೆಲಸಕ್ಕೆ ಕಾಯ್ತಾ ಇದ್ದ ಕಾಲ. ಒಂದು ಮದುವೆಯಲ್ಲಿ ಮೊದಲ ಪಂಕ್ತಿಗೆ ಕೂತಿದ್ದೆ. ಎಲೆಗೆ ಉಪ್ಪು ಬಡಿಸಿಯೂ ಆಗಿತ್ತು. ಆ ಮನೆಯವರು ಬಂದು, 'ದೊಡ್ಡ ಜನ ಬಂದಿದ್ದಾರೆ, ನಿನಗೆಂತ ಅವಸರ, ಏಳು,' ಅಂದರು. ಸಾಲಿಡೀ ನನ್ನನ್ನೇ ನೋಡ್ತಾ ಇತ್ತು. ಎಬ್ಬಿಸಿದ್ದು ಅಂತ ಕಾಣಬಾರದಲ್ಲ? ಬಡಿಸುವವನ ಕೈಯಿಂದ ಉಪ್ಪಿನಕಾಯಿ ಪಾತ್ರೆ ತೆಗೆದುಕೊಂಡು ನಾನೇ ಬಡಿಸಿಕೊಂಡು ಹೋದೆ." ಸೊಂಟದ ಕರವಸ್ತ್ರ ತೆಗೆದು ಮಡಚಿದರು. "ಕೈಯಲ್ಲಿ ಪಾತ್ರೆ ಇದ್ದವನಿಗೆ ಯಾರೂ ಏಳು ಅನ್ನುವುದಿಲ್ಲ."

ಇಪ್ಪತ್ತಮೂರು ವರ್ಷ ನಾನು ಈ ಮನುಷ್ಯನ ಕಥೆಯನ್ನು ಊರಿಗೆಲ್ಲ ಹೇಳಿ ನಗಿಸಿದ್ದೆ. ಒಂದು ದಿನವೂ ಯಾಕೆ ಎಂದು ಕೇಳಿರಲಿಲ್ಲ. ನನ್ನ ಬಗ್ಗೆಯೇ ನನಗೆ ನಾಚಿಕೆಯಾಯಿತು. ಅವರ ಕೈ ಹಿಡಿದುಕೊಂಡೆ. ನಾಲ್ಕು ಜನರೆದುರು ಹಾಗೆ ಹಿಡಿದದ್ದು ಧಾರೆಯ ದಿನ ಬಿಟ್ಟರೆ ಅದೇ ಮೊದಲು.

ಕೊನೆಯ ಹಾಡು ಶುರುವಾಯಿತು. ಅಂಗಳದಲ್ಲಿದ್ದ ಎಲ್ಲರೂ ಎದ್ದು ನಿಂತರು. ಇವರೂ ಗಡಬಡಿಸಿ ಏಳಹೊರಟರು. ನಾನು ಕೈ ಬಿಡಲಿಲ್ಲ.

ಹಿಂದಿನ ಸಾಲಿನ ಹೆಂಗಸೊಬ್ಬರು ನನ್ನ ಭುಜ ಮುಟ್ಟಿ, "ಟೀಚರೇ, ಈಗ ಏಳಬೇಕು," ಎಂದರು.

"ಕ್ಷಮಿಸಿ ಬಾಯಮ್ಮ," ಎಂದೆ, "ನಾವು ಈಗಷ್ಟೇ ಕೂತದ್ದು."